ಎವ್ರಿಮ್ಯಾನ್ಸ್ ಲೈಬ್ರರಿಯ 403ನೆಯ ಸಂಪುಟ: ಈ ಪ್ರತಿ ಯಾವ ಇಸವಿಯದು?

ಹಳೆರಟ್ಟು:
ಕಳೆದ ಭಾನುವಾರ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ರಮೇಶಚಂದ್ರ ದತ್ತರ ‘ದಿ ರಾಮಾಯಣ ಅಂಡ್ ದಿ ಮಹಾಭಾರತ’ ಸಿಕ್ಕಿತು. ಲಂಡನ್ನಿನ ಡೆಂಟ್ ಪ್ರಕಾಶನದ ಎವ್ರಿಮ್ಯಾನ್ಸ್ ಲೈಬ್ರರಿ ಮಾಲೆಯ ಪ್ರತಿ ಇದು, ಸಂಖ್ಯೆ 403. ಮಾರಿದವರು ಒಳಪುಟದಲ್ಲಿದ್ದ 1910 ಎಂಬ ಇಸವಿಯನ್ನು ತೋರಿಸಿ, ಇದು ಮೊದಲ ಆವೃತ್ತಿ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೇ ಕೇಳಿದರು. ಪುಸ್ತಕದ ಮೇಲಿನ ಪ್ರೀತಿಯಿಂದ ನಾನು ಕೊಂಡೆ, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಮನೆಗೆ ಬಂದು ನೋಡಿದಾಗ, ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಈ ಆವೃತ್ತಿಯ ಮೊದಲ ಪ್ರಕಟಣೆ 1910’ ಎಂಬರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಯಾವುದೋ ಕಾಲೇಜು ಗ್ರಂಥಾಲಯದವರು ಪುಸ್ತಕ ಹಿಂದಿರುಗಿಸುವ ದಿನಾಂಕದ ಚೀಟಿಯನ್ನು ಅಂಟಿಸಿರುವುದು ಕಂಡಿತು. ಚೀಟಿಯ ಅಡಿಯಲ್ಲಿ ಇನ್ನೂ ಏನೋ ಅಚ್ಚಾಗಿರುವಂತೆ ತೋರುತ್ತದೆ. ಚೀಟಿಯನ್ನು ಕೀಳದೆ ಈ ಪ್ರತಿಯ ನಿಜವಾದ ಕಾಲವನ್ನು ತಿಳಿಯಲು ಸಾಧ್ಯವೇ? ಈ ಮಾಲೆಯ ಹತ್ತಾರು ಸಂಪುಟಗಳು ನನ್ನ ಬಳಿ ಇವೆ, ಅವುಗಳಲ್ಲಿ ಒಂದನ್ನೂ ನಾನು ಇಂತಹ ಕಣ್ಣಿನಿಂದ ನೋಡಿರಲಿಲ್ಲ.

ಗ್ರಂಥಪಾಲಕಿ:
ಸಾಧ್ಯವಿದೆ. ಚೀಟಿಯನ್ನು ಮಾತ್ರ ದಯವಿಟ್ಟು ಕೀಳಬೇಡಿ, ನೀರು ಹಚ್ಚಬೇಡಿ, ಕೆಟಲಿನ ಹಬೆಯನ್ನೂ ಹಿಡಿಯಬೇಡಿ. ಗ್ರಂಥಾಲಯಗಳಲ್ಲಿ ಬಳಸುತ್ತಿದ್ದ ಮೈದಾ ಅಂಟು ಹಳೆಯ ಕಾಗದದೊಳಗೆ ಇಳಿದಿರುತ್ತದೆ, ಎಳೆದರೆ ಅಚ್ಚಿನ ಮೇಲ್ಪದರವೂ ಚೀಟಿಯೊಂದಿಗೇ ಬರುತ್ತದೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳಾಗಿ ಇಂತಹ ಹಾಳೆಗಳನ್ನು ಬಹಳ ನೋಡಿದ್ದೇನೆ.

ಮೊದಲು ಆ 1910ರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅದು ಈ ಕೃತಿಯ ಮೊದಲ ಆವೃತ್ತಿಯ ಇಸವಿಯಲ್ಲ, ನಿಮ್ಮ ಪ್ರತಿ ಅಚ್ಚಾದ ಇಸವಿಯೂ ಆಗಬೇಕಾಗಿಲ್ಲ. ದತ್ತರ ಎರಡು ಸಂಗ್ರಹಾನುವಾದಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದೇ ಡೆಂಟ್ ಸಂಸ್ಥೆಯ ‘ಟೆಂಪಲ್ ಕ್ಲಾಸಿಕ್ಸ್’ ಮಾಲೆಯಲ್ಲಿ ಬೇರೆ ಬೇರೆಯಾಗಿ ಬಂದಿದ್ದವು. ಎರಡನ್ನೂ ಒಂದೇ ರಟ್ಟಿನೊಳಗೆ ಸೇರಿಸಿ ಎವ್ರಿಮ್ಯಾನ್ ಮಾಲೆಗೆ ತಂದದ್ದು 1910ರಲ್ಲಿ. ದತ್ತರು 1909ರ ನವೆಂಬರ್ 30ರಂದು ಬರೋಡದಲ್ಲಿ ತೀರಿಕೊಂಡಿದ್ದರು, ಆದ್ದರಿಂದ ಈ ಜೋಡಿ ಸಂಪುಟವನ್ನು ಅವರು ಕೈಯಲ್ಲಿ ಹಿಡಿಯಲಿಲ್ಲ. ಮಾಲೆಯ ಪ್ರತಿಯೊಂದು ಪುಸ್ತಕದಲ್ಲೂ ಮೊದಲು ಮಾಲೆಗೆ ಸೇರಿದ ಇಸವಿಯನ್ನೂ ಅದರ ಕೆಳಗೆ ಮರುಮುದ್ರಣದ ಇಸವಿಗಳನ್ನೂ ಸಾಲಾಗಿ ಕೊಡುವ ಪದ್ಧತಿಯಿತ್ತು. ಆ ಸಾಲಿನ ಕೊನೆಯ ಇಸವಿಯೇ ನಮ್ಮ ಕೈಯಲ್ಲಿರುವ ಪ್ರತಿ ಅಚ್ಚಾದ ಇಸವಿ. ನಿಮ್ಮ ಚೀಟಿ ಮುಚ್ಚಿರುವುದು ಬಹುತೇಕ ಆ ಸಾಲನ್ನೇ.

ಹಾಗಾಗಿ ಬೇರೆ ಸಾಕ್ಷಿಗಳ ಮೊರೆ ಹೋಗಬೇಕು. ನಾಲ್ಕು ವಿಷಯ ತಿಳಿಸಿ: ಶೀರ್ಷಿಕೆ ಪುಟದ ಅಡಿಯಲ್ಲಿ ಪ್ರಕಾಶಕರ ಹೆಸರು ಹೇಗೆ ಅಚ್ಚಾಗಿದೆ, ರಟ್ಟಿನ ಒಳಮೈಗೆ ಅಂಟಿಸಿದ ಕಾಗದದ ಮೇಲಿನ ಚಿತ್ತಾರ ಯಾವ ಬಗೆಯದು, ಬೆನ್ನು ಚಪ್ಪಟೆಯೋ ದುಂಡಗೋ, ಮತ್ತು ಕೊನೆಯಲ್ಲಿ ಮಾಲೆಯ ಪುಸ್ತಕಗಳ ಪಟ್ಟಿಯಿದ್ದರೆ ಅದರಲ್ಲಿರುವ ಅತಿ ಹೆಚ್ಚಿನ ಸಂಖ್ಯೆ ಯಾವುದು.

ಅವೆನ್ಯೂರಸ್ತೆ:
ಗ್ರಂಥಪಾಲಕಿಯವರು ಕೇಳಿದ ಪ್ರಶ್ನೆಗಳ ಹಿನ್ನೆಲೆಯನ್ನು ಹೊಸ ಸಂಗ್ರಾಹಕರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೋಸೆಫ್ ಮಲಬಿ ಡೆಂಟ್ ಈ ಮಾಲೆಯನ್ನು 1906ರ ಫೆಬ್ರವರಿಯಲ್ಲಿ 50 ಸಂಪುಟಗಳ ಮೊದಲ ಕಂತಿನೊಂದಿಗೆ ಆರಂಭಿಸಿದರು. ಸಂಪಾದಕರು ಅರ್ನೆಸ್ಟ್ ರೀಸ್. ಮೊದಲ ಸಂಖ್ಯೆ ಬಾಸ್ವೆಲ್ ಬರೆದ ಡಾಕ್ಟರ್ ಜಾನ್ಸನ್‌ರ ಜೀವನಚರಿತ್ರೆಗೆ ಸಂದಿತು. ಬಟ್ಟೆಯ ರಟ್ಟಿಗೆ ಒಂದು ಶಿಲಿಂಗ್, ಚರ್ಮದ ರಟ್ಟಿಗೆ ಎರಡು ಶಿಲಿಂಗ್. ಸಾಮಾನ್ಯ ಸಂಬಳದವನೂ ಸಾವಿರ ಶ್ರೇಷ್ಠ ಪುಸ್ತಕಗಳ ಗ್ರಂಥಾಲಯವನ್ನು ಕಟ್ಟಿಕೊಳ್ಳಬೇಕೆಂಬುದು ಗುರಿಯಾಗಿತ್ತು. ಸಾವಿರದ ಸಂಖ್ಯೆ ತಲುಪಿದ್ದು 1956ರಲ್ಲಿ, ಅರಿಸ್ಟಾಟಲ್‌ನ ‘ಮೆಟಫಿಸಿಕ್ಸ್’ ಮೂಲಕ. ಅಷ್ಟರಲ್ಲಿ ಡೆಂಟ್ ತೀರಿಕೊಂಡು 30 ವರ್ಷ, ರೀಸ್ ತೀರಿಕೊಂಡು 10 ವರ್ಷ ಕಳೆದಿದ್ದವು.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಮಾಲೆಯ ವೇಷ ಒಂದೇ ಆಗಿರಲಿಲ್ಲ. ಆರಂಭದ ಅಲಂಕರಣ ರೆಜಿನಾಲ್ಡ್ ನೋಲ್ಸ್ ಅವರದು. ಬೆನ್ನಿನ ತುಂಬ ಚಿನ್ನದ ಬಳ್ಳಿಗಳು, ವಿಲಿಯಂ ಮಾರಿಸ್‌ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ನೆನಪು ತರುವ ದಟ್ಟ ಹೂಬಳ್ಳಿಯ ಶೀರ್ಷಿಕೆ ಪುಟ, ಅದರ ಎದುರು ಪುಟದಲ್ಲಿ ವಿಭಾಗಕ್ಕೆ ತಕ್ಕ ಒಂದು ಉಕ್ತಿ. ಕಾದಂಬರಿಗಳಲ್ಲಿ ಮಕ್ಕಳನ್ನು ಆಟದಿಂದಲೂ ಮುದುಕರನ್ನು ಬೆಂಕಿಗೂಡಿನ ಮೂಲೆಯಿಂದಲೂ ಸೆಳೆದು ನಿಲ್ಲಿಸುವ ಕಥೆಯ ಬಗ್ಗೆ ಫಿಲಿಪ್ ಸಿಡ್ನಿಯ ಮಾತಿದ್ದರೆ, ಕಾವ್ಯ ನಾಟಕಗಳಲ್ಲಿ ಕವಿಗಳನ್ನು ಜಗತ್ತಿನ ಅಘೋಷಿತ ಶಾಸನಕರ್ತರೆನ್ನುವ ಶೆಲ್ಲಿಯ ಮಾತಿರುತ್ತದೆ. 1935ರಲ್ಲಿ ಎರಿಕ್ ರವಿಲಿಯಸ್ ಎಂಬ ಕಲಾವಿದ ಇವೆಲ್ಲವನ್ನೂ ತೆಗೆದು, ಮರದಚ್ಚಿನಲ್ಲಿ ಕೊರೆದ ಸರಳ ಲಾಂಛನವನ್ನೂ ಹೊಸ ಶೀರ್ಷಿಕೆ ಪುಟವನ್ನೂ ಹೊಸ ಒಳರಟ್ಟಿನ ಕಾಗದವನ್ನೂ ಕೊಟ್ಟರು. 1953ರಲ್ಲಿ ಎರಿಕ್ ಫ್ರೇಸರ್ ಮತ್ತೆ ಬದಲಾಯಿಸಿದರು, ಪುಸ್ತಕದ ಅಳತೆಯೂ ಸ್ವಲ್ಪ ದೊಡ್ಡದಾಯಿತು. ಒಳರಟ್ಟು ತೆರೆದ ಕ್ಷಣದಲ್ಲೇ ನೋಲ್ಸ್ ಕಾಲದ್ದೋ ರವಿಲಿಯಸ್ ಕಾಲದ್ದೋ ಎಂದು ಹೇಳುವಷ್ಟು ಇವು ಭಿನ್ನ. ಉದ್ದ ನಿಲುವಂಗಿಯ ಹೆಣ್ಣೊಬ್ಬಳು ಬಳ್ಳಿಗಳ ನಡುವೆ ನಿಂತಿದ್ದರೆ ಅದು ನೋಲ್ಸ್.

ಹಳೆಯ ಪ್ರತಿಗಳ ಮೊದಲ ಹಾಳೆಯಲ್ಲಿ ಇನ್ನೊಂದು ಉಪಯುಕ್ತ ಪ್ರಕಟಣೆಯೂ ಇರುತ್ತದೆ. ಇದು ಮಾಲೆಯ ಇಂತಿಷ್ಟನೆಯ ಸಂಪುಟ ಎಂದು ಹೇಳಿ, ಪ್ರವಾಸ, ವಿಜ್ಞಾನ, ಕಾದಂಬರಿ, ದೇವತಾಶಾಸ್ತ್ರ ಮತ್ತು ತತ್ವಶಾಸ್ತ್ರದಿಂದ ಹಿಡಿದು ರೋಮಾನ್ಸ್‌ವರೆಗಿನ 13 ವಿಭಾಗಗಳನ್ನು ಹೆಸರಿಸಿ, ನಾಲ್ಕು ಬಗೆಯ ಬೈಂಡಿಂಗ್‌ಗಳನ್ನು ಅದು ತಿಳಿಸುತ್ತದೆ: ಚಪ್ಪಟೆ ಬೆನ್ನಿನ, ಮೇಲಂಚಿಗೆ ಬಣ್ಣ ಬಳಿದ ಬಟ್ಟೆಯ ರಟ್ಟು, ದುಂಡು ಮೂಲೆಯ, ಮೇಲಂಚಿಗೆ ಚಿನ್ನ ಹಚ್ಚಿದ ಚರ್ಮ, ಗ್ರಂಥಾಲಯಗಳಿಗಾಗಿ ಬಟ್ಟೆಯ ವಿಶೇಷ ರಟ್ಟು, ಮತ್ತು ಬೆನ್ನಿಗೆ ಮಾತ್ರ ಹಂದಿಚರ್ಮ ಹಚ್ಚಿದ ರಟ್ಟು. ಒಂದೇ ಮುದ್ರಣ ನಾಲ್ಕು ವೇಷದಲ್ಲಿ ಸಿಗಬಹುದೆಂಬುದನ್ನು ಮರೆತರೆ, ಚರ್ಮದ ರಟ್ಟು ಕಂಡ ಕೂಡಲೇ ಅದನ್ನು ಹಳೆಯ ಆವೃತ್ತಿ ಎಂದು ತಿಳಿಯುವ ತಪ್ಪು ಆಗುತ್ತದೆ.

ಹಳೆರಟ್ಟು:
ಇಬ್ಬರಿಗೂ ಕೃತಜ್ಞತೆಗಳು. ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಕುಳಿತು ನೋಡಿ ಬರೆಯುತ್ತಿದ್ದೇನೆ.

ಶೀರ್ಷಿಕೆ ಪುಟದಲ್ಲಿ ‘ಜೆ. ಎಂ. ಡೆಂಟ್ ಅಂಡ್ ಸನ್ಸ್ ಲಿಮಿಟೆಡ್’ ಎಂದೂ ನ್ಯೂಯಾರ್ಕಿನ ಇ. ಪಿ. ಡಟನ್ ಸಂಸ್ಥೆಯ ಹೆಸರೂ ಇವೆ. ಒಳರಟ್ಟಿನ ಕಾಗದದ ಮೇಲೆ ಹೆಣ್ಣಿನ ಚಿತ್ರವಿಲ್ಲ, ಚಿಕ್ಕ ಚಿತ್ತಾರವೊಂದು ಸೀರೆಯ ಬುಟ್ಟಿಯಂತೆ ಮತ್ತೆ ಮತ್ತೆ ಬಂದಿದೆ. ಬೆನ್ನು ದುಂಡಗಿದೆ, ಅದರ ಮೇಲೆ ಚಿನ್ನದ ಬಳ್ಳಿಗಳಿಲ್ಲ. ಕೊನೆಯಲ್ಲಿ ಮಾಲೆಯ ಪಟ್ಟಿಯಿದೆ, ಅದಕ್ಕೆ ಪ್ರತ್ಯೇಕ ಪುಟಸಂಖ್ಯೆಯಿದೆ. ಅದರಲ್ಲಿ ‘ಹಿಂದೂ ಸ್ಕ್ರಿಪ್ಚರ್ಸ್’ ಎಂಬ ಪುಸ್ತಕ 944ನೆಯ ಸಂಖ್ಯೆಯೊಂದಿಗೆ ಕಾಣುತ್ತದೆ, ಅದಕ್ಕಿಂತ ದೊಡ್ಡ ಸಂಖ್ಯೆಯನ್ನು ನಾನು ಕಾಣಲಿಲ್ಲ. ಮುದ್ರಣಾಲಯದ ಹೆಸರು ಲೆಚ್‌ವರ್ತ್‌ನ ಟೆಂಪಲ್ ಪ್ರೆಸ್. ಮೊದಲ ಖಾಲಿ ಹಾಳೆಯಲ್ಲಿ ವಿದ್ಯಾರ್ಥಿಯೊಬ್ಬರ ಸಹಿಯಿದೆ, ಅದರ ಕೆಳಗೆ ನೀಲಿ ಮಸಿಯಲ್ಲಿ ‘ಜುಲೈ 1943’ ಎಂದಿದೆ.

ಅಂದರೆ 1910ರ ಪ್ರತಿ ಇದಲ್ಲ ಎಂಬುದು ಈಗಲೇ ಖಚಿತವಾಯಿತಲ್ಲವೇ?

ಗ್ರಂಥಪಾಲಕಿ:
ಖಚಿತ. ಆದರೆ ಪ್ರತಿಯೊಂದು ಸಾಕ್ಷಿಯೂ ಎಷ್ಟರಮಟ್ಟಿಗೆ ಮಾತನಾಡುತ್ತದೆ ಎಂಬುದನ್ನು ಅಳೆದು ನೋಡಬೇಕು. ಸಂಗ್ರಾಹಕರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಪ್ರಕಾಶಕರ ಹೆಸರು ಈ ಸಂಪುಟದ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಆರಂಭದ ವರ್ಷಗಳಲ್ಲಿ ‘ಜೆ. ಎಂ. ಡೆಂಟ್ ಅಂಡ್ ಕಂಪನಿ’ ಎಂದಿದ್ದದ್ದು 1909ರಿಂದ ‘ಡೆಂಟ್ ಅಂಡ್ ಸನ್ಸ್’ ಆಯಿತು. 1906ರಲ್ಲಿ ಬಂದ ಸಂಪುಟಗಳಿಗೆ ಇದು ಒಳ್ಳೆಯ ಒರೆಗಲ್ಲು, 1910ರಲ್ಲಿ ಹುಟ್ಟಿದ ಸಂಪುಟಕ್ಕೆ ಅಲ್ಲ. ದುಂಡು ಬೆನ್ನು ಮತ್ತು ನೀವು ಹೇಳಿದ ಚಿಕ್ಕ ಚಿತ್ತಾರದ ಕಾಗದ, ಅಂದರೆ ರವಿಲಿಯಸ್ ಕಾಗದ, ಸೇರಿ ಹೇಳುವುದಿಷ್ಟು: ಈ ರಟ್ಟನ್ನು 1935ಕ್ಕಿಂತ ಮೊದಲು ಕಟ್ಟಿರಲು ಸಾಧ್ಯವಿಲ್ಲ. ‘ಹಿಂದೂ ಸ್ಕ್ರಿಪ್ಚರ್ಸ್’ ಮಾಲೆಗೆ ಸೇರಿದ್ದು 1938ರಲ್ಲಿ, ಆದ್ದರಿಂದ ಪಟ್ಟಿ ಅಚ್ಚಾದದ್ದು ಅದಕ್ಕಿಂತ ಹಿಂದೆ ಅಲ್ಲ. ಸಹಿಯ ಇಸವಿ ಇನ್ನೊಂದು ತುದಿಯನ್ನು ಕಟ್ಟಿಕೊಡುತ್ತದೆ. ಹೀಗೆ ಪುಸ್ತಕ ಈ ರೂಪಕ್ಕೆ ಬಂದದ್ದು 1938 ಮತ್ತು ಜುಲೈ 1943ರ ನಡುವೆ.

ಇನ್ನು ನಿಮ್ಮ ಪಟ್ಟಿಯಲ್ಲಿ 944ಕ್ಕಿಂತ ದೊಡ್ಡ ಸಂಖ್ಯೆ ಇಲ್ಲ ಎಂಬುದಕ್ಕೆ ಬಹಳ ಬೆಲೆ ಕೊಡಬೇಡಿ. ಪಟ್ಟಿಯಲ್ಲಿ ಒಂದು ಪುಸ್ತಕ ಇರುವುದು ಸಾಕ್ಷಿ, ಇಲ್ಲದಿರುವುದು ಸಾಕ್ಷಿಯಲ್ಲ. ಪ್ರಕಾಶಕರು ಪೂರ್ಣ ಪಟ್ಟಿಯನ್ನು ಕೊಡುತ್ತಿದ್ದಂತೆ ಆಯ್ದ ಪಟ್ಟಿಯನ್ನೂ ಕೊಡುತ್ತಿದ್ದರು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಅಚ್ಚಾದ ಕಾಲ ಬೇರೆ, ರಟ್ಟು ಕಟ್ಟಿದ ಕಾಲ ಬೇರೆ. ನಮ್ಮ ಕನ್ನಡ ಪ್ರಕಾಶಕರಲ್ಲೂ ಈ ಪದ್ಧತಿಯನ್ನು ನೋಡಿದ್ದೇವೆ: ಎರಡು ಸಾವಿರ ಪ್ರತಿಗಳ ಫಾರಂ (ಹಲವು ಪುಟಗಳು ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ಹಾಳೆ) ಅಚ್ಚು ಮಾಡಿಸಿ, ಐನೂರಕ್ಕೆ ಬೈಂಡಿಂಗ್ ಮಾಡಿಸಿ, ಉಳಿದ ಫಾರಂಗಳನ್ನು ಕಟ್ಟುಕಟ್ಟಿ ಗೋದಾಮಿನಲ್ಲಿಟ್ಟು, ಬೇಡಿಕೆ ಬಂದಂತೆ ರಟ್ಟು ಹಾಕಿಸುವುದು. ಡೆಂಟ್‌ನಂತಹ ದೊಡ್ಡ ಸಂಸ್ಥೆಯಲ್ಲೂ ಹಾಳೆಗಳು ಮೊದಲು ಅಚ್ಚಾಗಿ ನಂತರ ಕಂತುಕಂತಾಗಿ ರಟ್ಟಿಗೆ ಹೋಗುತ್ತಿದ್ದವು. ನಿಮ್ಮ ಪಟ್ಟಿಗೆ ಪ್ರತ್ಯೇಕ ಪುಟಸಂಖ್ಯೆ ಇದೆ ಎಂದಿರಿ. ಅಂದರೆ ಅದು ಬೇರೆ ಫಾರಂ ಆಗಿ ಅಚ್ಚಾಗಿ, ರಟ್ಟು ಕಟ್ಟುವಾಗ ಕೊನೆಗೆ ಸೇರಿಕೊಂಡಿರಬಹುದು. ಆಗ ಅದು ರಟ್ಟಿನ ಕಾಲವನ್ನು ಹೇಳುತ್ತದೆಯೇ ಹೊರತು ಕಾವ್ಯ ಅಚ್ಚಾದ ಕಾಲವನ್ನಲ್ಲ. ಪುಸ್ತಕದ ತಲೆಯ ಭಾಗದಿಂದ ನೋಡಿ, ಪಟ್ಟಿಯ ಹಾಳೆಗಳು ಕಾವ್ಯದ ಕೊನೆಯ ಫಾರಂಗೆ ಸೇರಿ ಮಡಚಿಕೊಂಡಿವೆಯೋ, ಬೇರೆಯೇ ಮಡಿಕೆಯೋ ತಿಳಿಸಿ. ಎರಡರ ಕಾಗದದ ಬಣ್ಣವನ್ನೂ ಹೋಲಿಸಿ.

ಈ ವಿಷಯದಲ್ಲಿ ನಾನೇ ಮಾಡಿದ ತಪ್ಪನ್ನೂ ಹೇಳಬೇಕು. ಸೇವೆಯ ಮೊದಲ ಹತ್ತು ವರ್ಷ ಸೂಚಿ ಕಾರ್ಡ್ ಬರೆಯುವಾಗ ಇಂತಹ ಮಾಲೆಗಳ ಪುಸ್ತಕಗಳಿಗೆಲ್ಲ ಮೇಲಿನ ಸಾಲಿನ ಇಸವಿಯನ್ನೇ ಪ್ರಕಟಣೆಯ ಇಸವಿ ಎಂದು ನಮೂದಿಸಿದೆ. ನಾವು ಕಲಿತದ್ದೇ ಹಾಗೆ. ಅಂತಹ ಕಾರ್ಡ್‌ಗಳೇ ಮುಂದೆ ಕಂಪ್ಯೂಟರಿಗೆ ಹೋದವು. ಗ್ರಂಥಾಲಯಗಳ ಸೂಚಿಯಲ್ಲಿ ‘1906’ ಅಥವಾ ‘1910’ ಎಂದು ಕಾಣುವ ಎವ್ರಿಮ್ಯಾನ್ ಪ್ರತಿಗಳನ್ನು ಕಪಾಟಿನಿಂದ ತೆಗೆದು ನೋಡಿದ ಮೇಲೆಯೇ ನಂಬಬೇಕು.

ಕಡಲತಡಿ:
ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ಮುಂದಿಡುತ್ತೇನೆ. ಮರುಮುದ್ರಣ ಮಾಲೆಯ ಉದ್ದೇಶವೇ ಪುಸ್ತಕವನ್ನು ಅಗ್ಗವಾಗಿ ಎಲ್ಲರಿಗೂ ತಲುಪಿಸುವುದಾಗಿತ್ತು. 1910ರ ಪ್ರತಿಯಲ್ಲೂ 1940ರ ಪ್ರತಿಯಲ್ಲೂ ದತ್ತರ ಸಾಲುಗಳು ಅವೇ ಅಲ್ಲವೇ? 24,000 ಶ್ಲೋಕಗಳ ರಾಮಾಯಣವನ್ನು ಸುಮಾರು 2,000 ದ್ವಿಪದಿಗಳಿಗೆ ಇಳಿಸಿದ, ಅನುಷ್ಟುಪ್ಪಿನ 16 ಅಕ್ಷರಗಳ ಸಾಲಿಗೆ ಹತ್ತಿರವಾಗಲೆಂದು ಟೆನಿಸನ್ನನ ‘ಲಾಕ್ಸ್‌ಲಿ ಹಾಲ್’ ಕವಿತೆಯ ಛಂದಸ್ಸನ್ನು ಆರಿಸಿಕೊಂಡ ಆ ಶ್ರಮದ ಬಗ್ಗೆ ಮಾತನಾಡುವುದನ್ನು ಬಿಟ್ಟು, ಒಳರಟ್ಟಿನ ಕಾಗದದ ಬಗ್ಗೆ ಇಷ್ಟು ಬರೆಯುತ್ತಿದ್ದೇವೆ. ಮಂಗಳೂರಿನ ಮಳೆಯಲ್ಲಿ ನನ್ನ ಎವ್ರಿಮ್ಯಾನ್‌ಗಳ ರಟ್ಟುಗಳೆಲ್ಲ ಬೂಸ್ಟು ಹಿಡಿದು ಬಿಳಿಚಿವೆ. ಅವನ್ನು ನಾನು ಓದಲು ಇಟ್ಟುಕೊಂಡಿದ್ದೇನೆ, ಇಸವಿ ನೋಡಲು ಅಲ್ಲ.

ಅವೆನ್ಯೂರಸ್ತೆ:
ಓದುವುದೇ ಮುಖ್ಯ ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಎರಡು ಮಾತಿಲ್ಲ. ಆದರೆ ಮರುಮುದ್ರಣಗಳಲ್ಲಿ ಒಳಗಿನ ಬರಹ ಯಾವಾಗಲೂ ಒಂದೇ ಎಂಬುದು ನಿಜವಲ್ಲ, ಮತ್ತು ಅದಕ್ಕೆ ಅತ್ಯುತ್ತಮ ಉದಾಹರಣೆ ಈ ಚರ್ಚೆಯಲ್ಲೇ ಬಂದಿದೆ.

944ನೆಯ ಸಂಖ್ಯೆಯ ‘ಹಿಂದೂ ಸ್ಕ್ರಿಪ್ಚರ್ಸ್’ ಅನ್ನೇ ತೆಗೆದುಕೊಳ್ಳಿ. 1938ರ ಪುಸ್ತಕವನ್ನು ಸಂಪಾದಿಸಿದವರು ನಿಕೋಲ್ ಮ್ಯಾಕ್ನಿಕೋಲ್. ಋಗ್ವೇದದ ಸೂಕ್ತಗಳು, ಕೆಲವು ಉಪನಿಷತ್ತುಗಳು ಮತ್ತು ಭಗವದ್ಗೀತೆ ಅದರಲ್ಲಿದ್ದು, ಗೀತೆಯ ಅನುವಾದ ಎಲ್. ಡಿ. ಬಾರ್ನೆಟ್ ಅವರದು. ಮೊದಲಲ್ಲಿ ರವೀಂದ್ರನಾಥ ಠಾಕೂರರ ಮುನ್ನುಡಿಯಿದೆ. 1966ರಲ್ಲಿ ಅದೇ ಹೆಸರು, ಅದೇ 944 ಸಂಖ್ಯೆಯನ್ನು ಹೊತ್ತು ಬಂದ ಪುಸ್ತಕ ಆರ್. ಸಿ. ಝೇನರ್ ಅವರದು, ಅನುವಾದಗಳೂ ಅವರವೇ. ಠಾಕೂರರ ಮುನ್ನುಡಿಯನ್ನು ಓದಬೇಕೆಂದು ಅಂತರ್ಜಾಲದಲ್ಲಿ ಬರೀ ಹೆಸರು ಮತ್ತು ಸಂಖ್ಯೆ ನೋಡಿ ತರಿಸಿಕೊಂಡ ನನ್ನ ಸ್ನೇಹಿತರಿಗೆ ಬಂದದ್ದು ಝೇನರ್ ಪ್ರತಿ. ಅದು ಒಳ್ಳೆಯ ಪುಸ್ತಕವೇ, ಆದರೆ ಅವರು ಹುಡುಕುತ್ತಿದ್ದ ಪುಸ್ತಕವಲ್ಲ. ಇಲ್ಲಿ ಇಸವಿಯನ್ನು ನೋಡುವುದೆಂದರೆ ಯಾವ ಪುಸ್ತಕವನ್ನು ಓದುತ್ತಿದ್ದೇವೆ ಎಂದು ನೋಡುವುದೇ ಆಗಿದೆ.

ಡಿಕನ್ಸ್ ಕಾದಂಬರಿಗಳೂ ಹಾಗೆಯೇ. ಆ ಸಂಪುಟಗಳಿಗೆ ಜಿ. ಕೆ. ಚೆಸ್ಟರ್‌ಟನ್ ಬರೆದ ಪ್ರಸ್ತಾವನೆಗಳು ಎಷ್ಟು ಪ್ರಸಿದ್ಧವಾದವೆಂದರೆ 1911ರಲ್ಲಿ ಅವೇ ಒಂದು ಪ್ರತ್ಯೇಕ ಪುಸ್ತಕವಾದವು. ಮಾಲೆಯ ಹಳೆಯ ಪುಸ್ತಕಗಳು ಮರುಮುದ್ರಣವಾದಾಗ ಕೆಲವಕ್ಕೆ ಹೊಸ ಪ್ರಸ್ತಾವನೆಗಳು ಬಂದಿವೆ. ಪ್ರಸ್ತಾವನೆಗಾಗಿ ಕೊಳ್ಳುವವರು ಮಾರುವವರಿಂದ ಶೀರ್ಷಿಕೆ ಪುಟದ ಎರಡೂ ಬದಿಗಳ ಛಾಯಾಚಿತ್ರವನ್ನು ಕೇಳದೆ ಹಣ ಕೊಡಬಾರದು. 1991ರಲ್ಲಿ ಡೇವಿಡ್ ಕ್ಯಾಂಬೆಲ್ ಅದೇ ಹೆಸರಿನಲ್ಲಿ ಪುನರಾರಂಭಿಸಿದ ಮಾಲೆಯಂತೂ ಅಳತೆಯಲ್ಲೂ ಅಚ್ಚಿನಲ್ಲೂ ಪೂರ್ತಿ ಬೇರೆ. ಅದು ಹೊಲಿಗೆಯ ಬೈಂಡಿಂಗ್ ಮತ್ತು ರೇಷ್ಮೆಯ ಪುಟಗುರುತಿನ ಪಟ್ಟಿಯಿರುವ ಸುಂದರ ಪುಸ್ತಕಗಳ ಮಾಲೆ. ಮಾರಾಟದ ಜಾಲತಾಣಗಳಲ್ಲಿ ಎರಡೂ ಒಂದೇ ಹೆಸರಿನ ಅಡಿಯಲ್ಲಿ ಬೆರೆತು ಕಾಣುತ್ತವೆ.

ಕಡಲತಡಿ:
944ರ ವಿಷಯ ನನಗೆ ತಿಳಿದಿರಲಿಲ್ಲ. ನನ್ನ ಕಪಾಟಿನಲ್ಲಿರುವುದು ಮ್ಯಾಕ್ನಿಕೋಲ್ ಪ್ರತಿ, ಈಗಷ್ಟೇ ನೋಡಿದೆ. ಮುನ್ನುಡಿಯನ್ನು ಈ ರಾತ್ರಿಯೇ ಓದುತ್ತೇನೆ. ಬೂಸ್ಟಿಗೆ ಏನು ಮಾಡಬೇಕೆಂದು ಬಲ್ಲವರು ತಿಳಿಸಿದರೆ ಉಪಕಾರ.

ಗ್ರಂಥಪಾಲಕಿ:
ಮಳೆ ನಿಂತ ಮೇಲೆ, ತೇವವಿಲ್ಲದ ದಿನ, ನೆರಳಿನಲ್ಲಿ ಗಾಳಿಯಾಡುವಂತೆ ಪುಸ್ತಕಗಳನ್ನು ಬಿಡಿಸಿ ನಿಲ್ಲಿಸಿ. ಮೃದುವಾದ ಕುಂಚದಿಂದ ಬೂಸ್ಟನ್ನು ಮನೆಯ ಹೊರಗೆ ಒರೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲಿಗೆ ಇಡಬೇಡಿ. ಬಟ್ಟೆಯ ರಟ್ಟಿನ ಬಣ್ಣ ಬಹಳ ಬೇಗ ಹಾರಿಹೋಗುತ್ತದೆ. ಈ ಮಾಲೆಯಲ್ಲಿ ವಿಭಾಗಕ್ಕೊಂದು ಬಣ್ಣದ ರಟ್ಟು ಇದ್ದದ್ದರಿಂದ, ಬೆನ್ನಿನ ಬಣ್ಣ ಹಾರಿದ ಪ್ರತಿಯಲ್ಲಿ ಆ ಸುಳಿವೂ ಕಳೆದುಹೋಗುತ್ತದೆ. ಅಂತಹ ಪ್ರತಿಗಳಲ್ಲಿ ಹಿಂಬದಿಯ ರಟ್ಟನ್ನು ನೋಡಿ ಮೂಲ ಬಣ್ಣವನ್ನು ಗುರುತಿಸಬೇಕು. ಗಂಜಿಯ ಅಂಟಿಗೆ ಬರುವ ಬೆಳ್ಳಿಹುಳುಗಳಿಗೆ ಗೋಡೆಗೆ ತಾಗಿದ ಕಪಾಟು ಹೇಳಿ ಮಾಡಿಸಿದ ಜಾಗ, ನಾಲ್ಕು ಬೆರಳಿನಷ್ಟು ಜಾಗ ಬಿಡಿ.

ದೂರದೇಶಿ:
ನಾನು ಹಾಸನ ಜಿಲ್ಲೆಯವನು, ಹದಿನೈದು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಲೆಚ್‌ವರ್ತ್ ನಮ್ಮ ಮನೆಯಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲ. ಟೆಂಪಲ್ ಪ್ರೆಸ್ ಹೆಸರು ಬಂದದ್ದರಿಂದ ಎರಡು ವಿಷಯ ಸೇರಿಸುತ್ತೇನೆ.

ಮಾಲೆಯ ಬೇಡಿಕೆ ಡೆಂಟ್ ಊಹಿಸಿದ್ದಕ್ಕಿಂತ ಹೆಚ್ಚಾದಾಗ, ಲಂಡನ್ನಿನ ಹೊರಗೆ, 1903ರಲ್ಲಿ ಆರಂಭವಾಗಿದ್ದ ಮೊದಲ ಉದ್ಯಾನನಗರಿ ಲೆಚ್‌ವರ್ತ್‌ನಲ್ಲಿ ತಮ್ಮದೇ ಮುದ್ರಣಾಲಯವನ್ನೂ ಬೈಂಡಿಂಗ್ ಶಾಲೆಯನ್ನೂ ಕಟ್ಟಿದರು. ಅದೇ ಟೆಂಪಲ್ ಪ್ರೆಸ್. 1950ರ ದಶಕದ ಪ್ರತಿಗಳಲ್ಲಿ ಅದೇ ಊರಿನ ಹೆಸರಿನೊಂದಿಗೆ ‘ಆಲ್ಡೈನ್ ಪ್ರೆಸ್’ ಎಂದು ಅಚ್ಚಾಗಿರುವುದನ್ನು ಕಾಣುತ್ತೇವೆ. ಹೀಗಾಗಿ ಹಳೆರಟ್ಟು ಅವರ ಪ್ರತಿಯಲ್ಲಿ ಟೆಂಪಲ್ ಪ್ರೆಸ್ ಎಂದಿರುವುದು ಗ್ರಂಥಪಾಲಕಿಯವರ ಲೆಕ್ಕಕ್ಕೆ ಹೊಂದುತ್ತದೆ.

ಎರಡನೆಯದು ಯುದ್ಧಕಾಲದ ಗುರುತು. ಕಾಗದದ ಅಭಾವದಿಂದಾಗಿ ಬ್ರಿಟಿಷ್ ಪ್ರಕಾಶಕರು 1942ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಅಂಚು ಕಿರಿದು, ಅಕ್ಷರ ಸಣ್ಣದು, ಕಾಗದ ತೆಳ್ಳಗೆ. ಈ ನಿಯಮಕ್ಕೆ ಒಳಪಟ್ಟ ಪುಸ್ತಕಗಳಲ್ಲಿ ತೆರೆದ ಪುಸ್ತಕದ ಮೇಲೆ ಕುಳಿತ ಸಿಂಹದ ಚಿಹ್ನೆಯನ್ನು ಅಚ್ಚು ಮಾಡುತ್ತಿದ್ದರು. ಆ ಸಿಂಹ ನಿಮ್ಮ ಪ್ರತಿಯಲ್ಲಿದೆಯೇ? ರವಿಲಿಯಸ್ ಚಿತ್ತಾರದ ಪ್ರತಿಗಳನ್ನು ಯುದ್ಧಪೂರ್ವದ್ದು, ಯುದ್ಧಕಾಲದ್ದು ಎಂದು ಬೇರ್ಪಡಿಸಲು ಇದಕ್ಕಿಂತ ಸುಲಭದ ಗುರುತಿಲ್ಲ. ರವಿಲಿಯಸ್ ಕೂಡ ಆ ಯುದ್ಧದಲ್ಲಿಯೇ ಕಣ್ಮರೆಯಾದರು. ಯುದ್ಧದ ಚಿತ್ರಕಾರನಾಗಿ ಐಸ್‌ಲ್ಯಾಂಡಿಗೆ ಹೋಗಿದ್ದಾಗ 1942ರ ಸೆಪ್ಟೆಂಬರ್‌ನಲ್ಲಿ ಅವರಿದ್ದ ವಿಮಾನ ಮರಳಲಿಲ್ಲ. ಅವರ ಚಿತ್ತಾರದ ಕಾಗದವಿರುವ ಪುಸ್ತಕವೊಂದು ಮರುವರ್ಷ ನಮ್ಮ ನಾಡಿನ ವಿದ್ಯಾರ್ಥಿಯ ಕೈಯಲ್ಲಿತ್ತು ಎಂಬುದನ್ನು ಓದಿ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ.

ಹಳೆರಟ್ಟು:
ಸಿಂಹದ ಚಿಹ್ನೆ ಎಲ್ಲೂ ಇಲ್ಲ. ಚೀಟಿಯ ಅಡಿಯಲ್ಲಿ ಇದ್ದರೆ ಗೊತ್ತಿಲ್ಲ. ಪಟ್ಟಿಯ ಹಾಳೆಗಳನ್ನೂ ನೋಡಿದೆ. ಅದು ಬೇರೆಯೇ ಮಡಿಕೆ, ಕಾಗದವೂ ಕಾವ್ಯದ ಹಾಳೆಗಳಿಗಿಂತ ಒಂದು ಛಾಯೆ ಹಳದಿ. ಅಂದರೆ ಗ್ರಂಥಪಾಲಕಿಯವರು ಹೇಳಿದಂತೆ ಪಟ್ಟಿ ರಟ್ಟಿನ ಕಾಲದ್ದು. ಕಾವ್ಯ ಯಾವಾಗ ಅಚ್ಚಾಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಗ್ರಂಥಪಾಲಕಿ:
ಒಂದು ದಾರಿ ಉಳಿದಿದೆ. ರಾತ್ರಿ ಕೋಣೆಯ ದೀಪಗಳನ್ನೆಲ್ಲ ಆರಿಸಿ. ಶೀರ್ಷಿಕೆ ಪುಟದ ಹಾಳೆಯೊಂದನ್ನೇ ನೆಟ್ಟಗೆ ನಿಲ್ಲಿಸಿ, ಶೀರ್ಷಿಕೆಯ ಕಡೆಯಿಂದ ಮೊಬೈಲಿನ ಟಾರ್ಚನ್ನು ಹಾಳೆಗೆ ತಾಗಿಸದೆ ಹಿಡಿಯಿರಿ. ಚೀಟಿಯ ಕಡೆಯಿಂದ ನೋಡಿದರೆ ಅಡಿಯಲ್ಲಿರುವ ಅಚ್ಚು ನೆರಳಿನಂತೆ ಕಾಣುತ್ತದೆ. ಶೀರ್ಷಿಕೆಯ ಅಕ್ಷರಗಳೂ ಚೀಟಿಯ ಮೇಲಿನ ಮುದ್ರೆಗಳೂ ಅದರ ಮೇಲೆ ಬೀಳುವುದರಿಂದ ಗೊಂದಲವಾಗುತ್ತದೆ, ಆದ್ದರಿಂದ ಮೊದಲು ಚೀಟಿಯ ಮೇಲೆ ಕಾಣುವುದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೆಳಕಿನಲ್ಲಿ ಹೆಚ್ಚಾಗಿ ಕಂಡದ್ದು ಅಡಿಯದು. ಟಾರ್ಚನ್ನು ನೇರವಾಗಿಯೂ ಓರೆಯಾಗಿಯೂ ಹಿಡಿದು ಹಲವು ಛಾಯಾಚಿತ್ರಗಳನ್ನು ತೆಗೆದರೆ ಒಂದರಲ್ಲಲ್ಲದಿದ್ದರೆ ಇನ್ನೊಂದರಲ್ಲಿ ಅಂಕಿ ಹಿಡಿಯುತ್ತದೆ. ಹಾಳೆಯನ್ನು ಹಿಂದಕ್ಕೆ ಬಗ್ಗಿಸಬೇಡಿ, ಬೆನ್ನಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಹಳೆರಟ್ಟು:
ನಿನ್ನೆ ರಾತ್ರಿ ಮಗಳು ಟಾರ್ಚ್ ಹಿಡಿದಳು, ನಾನು ಓದಿದೆ. ಚೀಟಿಯ ಅಡಿಯಲ್ಲಿ ಎರಡು ಸಾಲುಗಳಿವೆ. ಮೊದಲ ಸಾಲು ‘ಮರುಮುದ್ರಣ’ ಎಂಬರ್ಥದ ಇಂಗ್ಲಿಷ್ ಪದದಿಂದ ಆರಂಭವಾಗಿ ಇಸವಿಗಳಿಂದ ತುಂಬಿದೆ, ಎರಡನೆಯ ಸಾಲಿನಲ್ಲಿಯೂ ಇಸವಿಗಳೇ. ಕೊನೆಯ ಇಸವಿಯಲ್ಲಿ 193 ಎಂಬ ಮೂರು ಅಂಕಿಗಳು ಸ್ಪಷ್ಟವಾಗಿ ಕಂಡವು. ನಾಲ್ಕನೆಯದು ಅಂಟಿನ ಕಲೆಯ ಮೇಲೆ ಬಿದ್ದಿದೆ. 6 ಎಂದು ಮಗಳಿಗೆ ಅನ್ನಿಸಿತು, 8 ಎಂದು ನನಗೆ. ಹನ್ನೆರಡು ಛಾಯಾಚಿತ್ರಗಳನ್ನು ತೆಗೆದು ದೊಡ್ಡದು ಮಾಡಿ ನೋಡಿದರೂ ತೀರ್ಮಾನಕ್ಕೆ ಬರಲಾಗಲಿಲ್ಲ. ಸಿಂಹ ಅಲ್ಲೂ ಇಲ್ಲ.

ನನ್ನ ಪುಸ್ತಕಗಳ ಪಟ್ಟಿಯಲ್ಲಿ ಹೇಗೆ ನಮೂದಿಸಲಿ?

ಗ್ರಂಥಪಾಲಕಿ:
ಕಂಡದ್ದನ್ನು ಕಂಡಷ್ಟೇ ಬರೆಯಿರಿ. ಮೂರು ಇಸವಿಗಳಿಗೆ ಮೂರು ಪ್ರತ್ಯೇಕ ಜಾಗ ಕೊಡಿ, ಒಂದರ ಜಾಗಕ್ಕೆ ಇನ್ನೊಂದನ್ನು ತರಬೇಡಿ. ‘ಮಾಲೆಗೆ ಸೇರಿದ್ದು 1910. ಈ ಪ್ರತಿಯ ಮುದ್ರಣ 193–, ಕೊನೆಯ ಅಂಕಿ ಅಸ್ಪಷ್ಟ, 6 ಅಥವಾ 8. ರಟ್ಟು 1938 ಮತ್ತು ಜುಲೈ 1943ರ ನಡುವೆ. ರವಿಲಿಯಸ್ ವಿನ್ಯಾಸ, ಮೂಲ ರಟ್ಟು, ಜಾಕೆಟ್ ಇಲ್ಲ.’ ಮೂಲ ರಟ್ಟು ಎಂಬುದನ್ನು ತಪ್ಪದೆ ಸೇರಿಸಿ. ನಮ್ಮ ಗ್ರಂಥಾಲಯಗಳಲ್ಲಿ ಇಂತಹ ಪುಸ್ತಕಗಳಿಗೆ ಕಪ್ಪು ರೆಕ್ಸಿನ್ ಹೊದಿಸಿ ಮರುಬೈಂಡಿಂಗ್ ಮಾಡಿಸುವಾಗ ಒಳರಟ್ಟಿನ ಕಾಗದವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಎಸೆಯುತ್ತಿದ್ದರು. ನಿಮ್ಮ ಪ್ರತಿ ಅದರಿಂದ ಉಳಿದಿದೆ, ಆದ್ದರಿಂದಲೇ ಇಷ್ಟೆಲ್ಲ ತಿಳಿಯಲು ಸಾಧ್ಯವಾಯಿತು.

ಇದೇ ಮಾಲೆಯ ರೈಡರ್ ಅನುವಾದದ ಶಾಕುಂತಲ, 629ನೆಯ ಸಂಖ್ಯೆ, ನಿಮ್ಮಲ್ಲಿದ್ದರೆ ಅದನ್ನೂ ಹೀಗೆಯೇ ನೋಡಿ ಬರೆಯಿರಿ. ನಮ್ಮ ಕಡೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಅದು ಆಗಾಗ ಕಾಣಿಸಿಕೊಳ್ಳುತ್ತದೆ, ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಣ್ಣು ಬೇಗ ಪಳಗುತ್ತದೆ.

ಹಳೆರಟ್ಟು:
ಹಾಗೆಯೇ ಬರೆದಿದ್ದೇನೆ. 629 ನನ್ನ ಬಳಿ ಇದೆ, ಚಪ್ಪಟೆ ಬೆನ್ನು, ಚಿನ್ನದ ಬಳ್ಳಿ. ನಾಳೆ ಅದರ ವಿವರಗಳನ್ನು ಹಾಕುತ್ತೇನೆ.

ಚೀಟಿಯನ್ನು ಇದ್ದಲ್ಲೇ ಬಿಟ್ಟಿದ್ದೇನೆ. ಅದರ ಮೇಲಿನ ಮುದ್ರೆಗಳನ್ನು ಬರೆದಿಟ್ಟುಕೊಳ್ಳುವಾಗ ಎಣಿಸಿದೆ: ಒಟ್ಟು ಹದಿನಾಲ್ಕು ಬಾರಿ ಪುಸ್ತಕ ಹೊರಗೆ ಹೋಗಿ ಬಂದಿದೆ, ಮೊದಲ ಮುದ್ರೆ 1952ರದು, ಕೊನೆಯದು 1971ರದು. ಆ ಇಸವಿಗಳನ್ನೂ ಪಟ್ಟಿಯಲ್ಲಿ ನಾಲ್ಕನೆಯ ಜಾಗ ಮಾಡಿ ಸೇರಿಸಿದೆ.